ಎಳೆಯಬೇಕಿದ್ದ ದಾರ

ಇಳಕಲ್ಲು ಕಾದ ಹಂಚಾಗುವ ಏಪ್ರಿಲ್ಲಿನಲ್ಲಿ
ಪ್ಯಾರಿಸ್ಸು, ಸ್ವಿಸ್ಸು, ಟ್ಯುಲಿಪ್ಪು ಮುಗಿಸಿ
ಟೂರಿನವರ ಬಸ್ಸಿನಿಂದ ಹೇಗೋ ತಪ್ಪಿಸಿಕೊಂಡು
ಆರು ದಿನಕ್ಕೆಂದು ಶೆಫೀಲ್ಡಿಗೆ ಬಂದಿಳಿದರು
ನೀಲಗಂಗತ್ತೆ, ಮತ್ತವಳ ಗೆಳತಿ ಮೆಹಬೂಬಿ ಟೀಚರು.
ಒಂದೇ ಶಾಲೆಯಲ್ಲಿ ಮೂವತ್ತೊಂದು ವರ್ಷ,
ಒಂದೇ ಬೀರುವಿನ ಎರಡು ಕೀಲಿಕೈ.

ಸ್ಟೇಷನ್ನಿನಿಂದ ಮನೆಯವರೆಗೂ ಏರು.
ಈ ಊರಲ್ಲಿ ಹಾಲು ತರುವುದೂ ಏರು, ಅಂಚೆಗೆ ಹೋಗುವುದೂ ಏರು.
ನಡುದಾರಿಯಲ್ಲಿ ಯಾರದೋ ಗೇಟು ಹಿಡಿದು
ಟೀಚರು ಉಸಿರು ಬಿಟ್ಟರು:
"ಈ ಊರು ಕಟ್ಟಿದಾಂವ ಆಡು ಸಾಕಿದ್ನೇನವ್ವಾ?"

ಒಂದೇ ಕೋಣೆಯ ಮನೆ.
ಮಂಚ ಅವರಿಗೆ, ಸೋಫಾ ನನಗೆ,
ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಿದ್ದರೆ
ಸೋಫಾಕ್ಕೂ ರಜೆ.
ಹೊಸ ಚಾದರ ತಂದಿದ್ದೆ, ಬಕೆಟ್ಟು ತಂದಿದ್ದೆ,
ಬಕೆಟ್ಟಿಗೊಂದು ಚೊಂಬು ಹುಡುಕಿ ಮೂರು ಅಂಗಡಿ ಅಲೆದಿದ್ದೆ.
ಒಗ್ಗರಣೆ ಕಂಡರೆ ಓಣಿಯೆಲ್ಲ ಎಬ್ಬಿಸುವ ಹೊಗೆಗಂಟೆಗೆ
ಪ್ಲಾಸ್ಟಿಕ್ ಟೊಪ್ಪಿಗೆ ತೊಡಿಸಿದ್ದೆ.

ಎಲ್ಲ ಹೇಳಿಕೊಟ್ಟೆನೆಂದೇ ತಿಳಿದಿದ್ದೆ.
ಯಾವ ಡಬ್ಬಿಗೆ ಯಾವ ಕಸ.
ಬೆಕ್ಕು ಪಕ್ಕದ ಮನೆಯದು, ನಂಬಬೇಡಿ.
ಬಾಗಿಲು ತಾನೇ ಬೀಗ ಹಾಕಿಕೊಳ್ಳುತ್ತದೆ,
ಕೀಲಿಕೈ ಕೊರಳಲ್ಲೇ ಇರಲಿ.
ಸಾರಿ ಅಂದವರಿಗೆ ತಿರುಗಿ ಸಾರಿ ಅನ್ನಬೇಕು,
ಯಾಕೆ ಅಂತ ಕೇಳಬಾರದು.

ಹಗಲು ನಾನು ಮಲಗಿದ್ದಾಗ
ಅಡುಗೆಮನೆಯಲ್ಲಿ ಇಬ್ಬರದೂ ಪಿಸುಮಾತಿನ ಜಗಳ:
"ಸಾವಕಾಶ ಕುಟ್ಟ, ಹುಡುಗಿ ಎದ್ದಾಳು."
"ನಿನ್ನ ಸಾವಕಾಶದ ಸಪ್ಪಳಕ್ಕ ಎದ್ದಾಳು ಅಕಿ."
ಎದ್ದರೆ ವರ್ಷಕ್ಕಾಗುವಷ್ಟು ಬೆಳ್ಳುಳ್ಳಿ ಸುಲಿದಿದ್ದರು,
ಸೂಟ್‌ಕೇಸಿನಲ್ಲಿ ಪುಡಿಯಾದ ಖಡಕ್ ರೊಟ್ಟಿಗೆ
ಮೊಸರು ಬೆರೆಸಿ, ಮೇಲೆ ಗುರೆಳ್ಳು ಚಟ್ನಿ.

ಪಾಳಿ ಮುಗಿಸಿ ಬಂದು ದಿನಾ ಕೇಳುತ್ತಿದ್ದೆ:
"ನೀರು ಚಲೋ ಕಾದಿತ್ತೇನತ್ತಿ?"
"ಭಾಳ ಚಲೋ!"
ಇಬ್ಬರೂ ಒಟ್ಟಿಗೆ, ಮಗ್ಗಿ ಒಪ್ಪಿಸಿದ ಹಾಗೆ.
ಕೆನ್ನೆ ಕೆಂಪಗಿದ್ದವು.
ಗುಡ್ಡದ ಗಾಳಿ ಹಿಡಿಸಿತು ಇವರಿಗೆ, ಅಂದುಕೊಂಡೆ.

ಚಿಕ್ಕವಳಿದ್ದಾಗ ರಜೆಗೆ ಹೋದರೆ
ಅತ್ತೆ ನಸುಕಿನಲ್ಲೇ ಹಂಡೆಗೆ ಉರಿ ಹಾಕುತ್ತಿದ್ದಳು.
ಮೊದಲ ನೀರು ಬಂದವರಿಗೆ,
ಮಾವನಿಗೆ ಆಮೇಲೆ,
ತಳದಲ್ಲಿ ಉಳಿದ ಉಗುರುಬೆಚ್ಚಗಿನದು ಅವಳಿಗೆ.

ಮ್ಯಾಂಚೆಸ್ಟರಿಗೆ ಹೋಗಿ ವಿಮಾನ ಹತ್ತಿಸಿ ಬಂದೆ.
ತಿಂಗಳಾದ ಮೇಲೆ ಒಂದು ಪೊಟ್ಟಣ.
ಒಳಗೆ ನೀರು ಕಾಯಿಸುವ ಕಡ್ಡಿ,
ಸುರುಳಿ ಸುತ್ತಿದ್ದು, ಹತ್ತಿಬಟ್ಟೆಯಲ್ಲಿ ಕಟ್ಟಿದ್ದು.
ಟೀಚರ ದುಂಡಕ್ಷರದಲ್ಲಿ ಒಂದು ಚೀಟಿ:
"ಬಕೆಟ್ಟಿನಾಗ ಇಳಿಬಿಟ್ಟು ಹತ್ತು ನಿಮಿಷ.
ಸ್ವಿಚ್ಚು ಆರಿಸದ ನೀರು ಮುಟ್ಟಬ್ಯಾಡ.
ಇನ್ನ ಎಷ್ಟು ವರ್ಷ ತಣ್ಣೀರು ಮೈಮ್ಯಾಲೆ ಹಾಕ್ಕೋತಿ?
ನೀನು ಹೇಳ್ಕೊಳ್ಳೂ ಪೈಕಿ ಅಲ್ಲ ಅಂತ
ನಿಮ್ಮತ್ತಿ ಅವತ್ತ ಅಂದ್ಲು."

ಅರ್ಥವಾಗಲಿಲ್ಲ.
ಸ್ನಾನಕ್ಕೆ ಹೋದೆ.
ಕೈ ತಾನಾಗಿ ಮೇಲೆ ಹೋಯಿತು,
ಸೂರಿನಿಂದ ಇಳಿಬಿದ್ದ ದಾರಕ್ಕೆ.
ಎಳೆದೆ. ಟಕ್.
ಕೆಂಪು ದೀಪ ಹೊತ್ತಿತು.

ಕರೆಂಟಿನ ಬಿಲ್ಲಿಗೆ ಹೆದರಿ
ಪ್ರತಿ ಸಲ ಮಿಂದು ಬರುವಾಗ ಆರಿಸುವ ದಾರ.
ಬೆಕ್ಕಿನ ಬಗ್ಗೆ ಹೇಳಿದ್ದೆ.
ಕಸದ ಬಗ್ಗೆ ಹೇಳಿದ್ದೆ.
ಆರು ಬೆಳಿಗ್ಗೆ, ಎರಡು ಅರವತ್ತರ ದೇಹ,
ಗುಡ್ಡದ ನೀರು.

ಒದ್ದೆ ಕೂದಲಲ್ಲೇ ಫೋನು ಹಚ್ಚಿದೆ.
ತಪ್ಪೊಪ್ಪಿಕೊಳ್ಳಬೇಕೆಂದಿದ್ದೆ, ನಕ್ಕುಬಿಡಬೇಕೆಂದಿದ್ದೆ.
ಆ ಕಡೆಯಿಂದ ಅತ್ತೆಯೇ ಮೊದಲು:
"ಕಡ್ಡಿ ಮುಟ್ಟಿತೇನ? ನೀರು ಕಾಯ್ತೈತೇನವ್ವಾ?"
ಹಿಂದೆ ಟೀಚರು ಉಸಿರು ಬಿಗಿಹಿಡಿದು ಕಾಯುತ್ತಿರುವುದು ಕೇಳಿಸಿತು.

"ಭಾಳ ಚಲೋ" ಅಂದೆ,
ಇಲ್ಲಿನ ಗೋಡೆಯ ಯಾವ ತೂತಿಗೂ
ಪಿನ್ನು ಹೊಂದದ ಆ ಕಡ್ಡಿಯನ್ನು
ತೊಡೆಯ ಮೇಲಿಟ್ಟುಕೊಂಡು.